ಅವೆನ್ಯೂ ರೋಡ್ ಬೈಂಡಿಂಗ್ ಅಂಗಡಿ: ತಾತನ ಯುದ್ಧಕಾಲದ ಕಾಗದಗಳನ್ನ ಕೊಟ್ಟು ವಾಪಸ್ ತಂದ ಕಥೆ

ಮೊದಲೇ ಹೇಳ್ಬಿಡ್ತೀನಿ, 5ಕ್ಕೆ 4.5 ಸ್ಟಾರ್. ಆ ಅರ್ಧ ಯಾಕೆ ಹಿಡ್ಕೊಂಡೆ ಅಂತ ಕೆಳಗೆ ಬರುತ್ತೆ. ಅಂಗಡಿ ಹೆಸರು ಹಾಕ್ತಿಲ್ಲ, ಯಜಮಾನ್ರೇ ಬೇಡ ಅಂದಿದಾರೆ, ಕೆಲಸ ಮಾಡೋರು ಅವರು ಮತ್ತೆ ಅವರ ಸೊಸೆ ಇಬ್ರೇ, ಕೈಲಿರೋ ಕೆಲಸನೇ ಮುಗೀತಿಲ್ಲ, ಜನ ಜಾಸ್ತಿ ಬಂದ್ರೆ ಅವಸರದಲ್ಲಿ ಯಾರ ಮನೆ ಕಾಗದನಾದ್ರೂ ಹರಿದುಬಿಟ್ಟೇನು ಅನ್ನೋ ಭಯ ಅವರಿಗೆ. ನಿಜವಾಗ್ಲೂ ಬೇಕಾದೋರು ಅವೆನ್ಯೂ ರೋಡಲ್ಲಿ ಹಳೇ ಪುಸ್ತಕ ಮಾರೋರ ಹತ್ರ ‘ಹಳೇ ಕಾಗದ ಸರಿ ಮಾಡೋ ಬೈಂಡರ್ ಎಲ್ಲಿ’ ಅಂತ ಕೇಳಿ, ಕೈ ತೋರಿಸ್ತಾರೆ. ನನಗೂ ಹಾಗೇ ಸಿಕ್ಕಿದ್ದು.

ನಾನು ತಗೊಂಡು ಹೋಗಿದ್ದು ಒಂದು ಆಲ್ಬಂ. ಒಳಗೆ ನಮ್ಮ ತಾತ 1942ರ ಕೊನೆಯಿಂದ 1945ರವರೆಗೆ ಯುದ್ಧದಿಂದ ಅಜ್ಜಿಗೆ ಬರೆದ 47 ಕಾಗದ. ತಾತ ಬಡಗಿ, ಸಂಪಂಗಿರಾಮನಗರದ ಹತ್ರ ಬಾಗಿಲು ಕಿಟಕಿ ಮಾಡ್ತಿದ್ದೋರು, ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದ್ರು. ಈಗ ನಾವೆಲ್ಲ ಎಂಇಜಿ ಅಂತೀವಲ್ಲ ಅದೇ, 1780ರಲ್ಲಿ ಶುರುವಾದ ಪಡೆ, 1834ರಿಂದ ಬೆಂಗಳೂರೇ ಅದರ ಮನೆ. ಸೇತುವೆ ಕಟ್ಟೋದು, ರೋಡ್ ಮಾಡೋದು, ನೆಲದಲ್ಲಿ ಹೂತಿಟ್ಟ ಬಾಂಬ್, ಅಂದ್ರೆ ಮೈನ್, ಕೀಳೋದು ಅವರ ಕೆಲಸ ಆದ್ರಿಂದ ಬಡಗಿ, ಕಮ್ಮಾರ, ಗಾರೆ ಕೆಲಸದೋರನ್ನ ಹುಡುಕಿ ಹುಡುಕಿ ಸೇರಿಸ್ಕೋತಿದ್ರು. ತಾತ ಹಡಗು ಹತ್ತಿದಾಗ ಅಜ್ಜಿಗೆ ಐದು ತಿಂಗಳು. ಹೊಟ್ಟೇಲಿದ್ದೋರು ನಮ್ಮಪ್ಪ.

ಆಲ್ಬಂ ಮಾಡಿದ್ದೂ ಅಪ್ಪನೇ. 1979ರಲ್ಲಿ ತಾತ ತೀರಿಕೊಂಡ ಮೇಲೆ, ಟ್ರಂಕಲ್ಲಿ ಹಗ್ಗ ಕಟ್ಟಿಟ್ಟಿದ್ದ ಕಾಗದಗಳನ್ನೆಲ್ಲ ದಪ್ಪ ಕರಿ ಹಾಳೆ ಆಲ್ಬಂಗೆ ಮೈದಾ ಅಂಟು ಹಾಕಿ ಅಂಟಿಸಿದ್ರು. ಪ್ರೀತಿಯಿಂದ ಮಾಡಿದ್ದು, ಆದ್ರೆ ಮೈದಾ ಅಂಟಿಗೆ ಹುಳ ಬರುತ್ತೆ, ಸಿಲ್ವರ್‌ಫಿಶ್ ಬಂದು ಅಂಚೆಲ್ಲ ಕೆರೆದು ತಿಂದಿತ್ತು, ಹಾಳೆ ಮುಟ್ಟಿದ್ರೆ ಹಪ್ಪಳದ ಥರ ಮುರೀತಿತ್ತು. ಅಪ್ಪಂಗೆ ಈಗ 80 ದಾಟಿದೆ, ಕಣ್ಣು ಮಂಜು, ‘ನಾನ್ ಹೋಗೋದ್ರೊಳಗೆ ಇದನ್ನ ಏನಾದ್ರೂ ಮಾಡಮ್ಮ’ ಅಂತ ಹೋದ ಕ್ರಿಸ್‌ಮಸ್‌ನಲ್ಲಿ ನನ್ನ ಕೈಗೆ ಕೊಟ್ರು.

ಇಲ್ಲಿಗೆ ಬರೋಕ್ಕಿಂತ ಮುಂಚೆ ನಾನೊಂದು ತಪ್ಪು ಮಾಡಿದೆ, ಅದನ್ನ ಹೇಳ್ಲೇಬೇಕು, ಯಾಕಂದ್ರೆ ಇದನ್ನ ಓದ್ತಿರೋರಲ್ಲಿ ಯಾರಾದ್ರೂ ಅದೇ ತಪ್ಪು ಮಾಡೋಕೆ ಹೊರಟಿರಬಹುದು. ಮನೆ ಹತ್ರದ ಒಂದು ಫೋಟೋ ಸ್ಟುಡಿಯೋಗೆ ಬಿಡಿಯಾಗಿ ಕಿತ್ತು ಬಂದಿದ್ದ ಎರಡು ಕಾಗದ ಕೊಟ್ಟು ‘ಲ್ಯಾಮಿನೇಷನ್ ಮಾಡಿಕೊಡಿ’ ಅಂದೆ. ಅವರು ಧೂಳಿದೆ ಅಂತ ಒದ್ದೆ ಹತ್ತಿಯಲ್ಲಿ ಒರೆಸಿದ್ರು. ನನ್ನ ಕಣ್ಮುಂದೇನೇ ಬೂದು ಬಣ್ಣದ ಅಕ್ಷರ ನೇರಳೆ ಆಗಿ, ಜಂಬುನೇರಳೆ ಹಣ್ಣು ತುಳಿದ ಹಾಗೆ ಹಾಳೆ ತುಂಬ ಹರಡ್ಕೊಂಡು, ಎರಡು ನಿಮಿಷದಲ್ಲಿ ತಾತನ ಒಂದೂವರೆ ಪುಟ ಹೊರಟೋಯ್ತು. ನಾನು ಅಲ್ಲೇ ಸ್ಟೂಲ್ ಮೇಲೆ ಕೂತ್ಬಿಟ್ಟೆ. ಅವರಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಅಪ್ಪಂಗೆ ಇದನ್ನ ಹೇಳೋಕೆ ನನಗೆ ಹನ್ನೊಂದು ದಿನ ಬೇಕಾಯ್ತು.

ಅದೇನು ಅಂತ ತಿಳಿದಿದ್ದು ಈ ಬೈಂಡರ್ ಯಜಮಾನ್ರಿಂದ. ಆಗಿನ ಕಾಲದಲ್ಲಿ ಕಾಪಿಯಿಂಗ್ ಪೆನ್ಸಿಲ್ ಅಂತ ಇತ್ತಂತೆ, ಸೀಸದ ಜೊತೆ ಬಣ್ಣದ ಪುಡಿ ಕಲಸಿರ್ತಾರೆ, ಒಣಗಿದ್ದಾಗ ಮಾಮೂಲಿ ಪೆನ್ಸಿಲ್ ಥರಾನೇ ಕಾಣುತ್ತೆ, ನೀರು ತಾಗಿದ್ರೆ ನೇರಳೆ ಶಾಯಿ ಆಗುತ್ತೆ. ರಬ್ಬರಲ್ಲಿ ಅಳಿಸೋಕೆ ಆಗಲ್ಲ, ಶಾಯಿ ಬಾಟ್ಲಿ ಹೊತ್ಕೊಂಡು ಓಡಾಡಬೇಕಿಲ್ಲ, ಅದಕ್ಕೇ ಸಿಪಾಯಿಗಳ ಜೇಬಲ್ಲಿ ಅದೇ ಇರ್ತಿತ್ತು. ಯಜಮಾನ್ರು ಆಲ್ಬಂ ತೆರೆದು ಮೊದಲನೇ ಹಾಳೆ ನೋಡಿದ ತಕ್ಷಣ ಪಕ್ಕದಲ್ಲಿದ್ದ ಟೀ ಲೋಟನ ಎತ್ತಿ ಇನ್ನೊಂದು ಮೇಜಿಗೆ ಇಟ್ರು. ಆಮೇಲೆ ‘ಅಮ್ಮ, ಇದಕ್ಕೆ ಒಂದ್ ಹನಿ ನೀರೂ ತಾಗಿಸೋ ಹಾಗಿಲ್ಲ’ ಅಂದ್ರು. ಆ ಲೋಟ ಎತ್ತಿಟ್ಟಾಗ್ಲೇ ನನಗೆ ನಂಬಿಕೆ ಬಂತು.

ಕೆಲಸ ಹೇಗೆ ಮಾಡ್ತಾರೆ ಅಂತ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಇದಕ್ಕೇ ದುಡ್ಡು ಕೊಡೋದು. ಮಾಮೂಲಿ ಆಗಿ ಅಂಟಿಸಿದ ಕಾಗದನ ಬಿಡಿಸೋಕೆ ತೇವ ಕೊಟ್ಟು ಮೆತ್ತಗೆ ಮಾಡ್ತಾರಂತೆ, ನಮ್ಮದಕ್ಕೆ ಅದು ಆಗಲ್ಲ. ಹಾಗಾಗಿ ಕಾಗದನ ಆಲ್ಬಮ್ಮಿಂದ ಎಬ್ಬಿಸೋ ಬದಲು ಆಲ್ಬಂ ಹಾಳೆನೇ ಕಾಗದದ ಬೆನ್ನಿಂದ ತೆಗೀತಾರೆ. ಪ್ರತಿ ಹಾಳೆ ಕತ್ತರಿಸಿ, ಮಕಾಡೆ ಮಲಗಿಸಿ, ಕರಿ ದಪ್ಪ ಹಾಳೆನ ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಒಂದೊಂದೇ ಪದರ ಸುಲಿದು, ಕೊನೇ ಪದರ ಮತ್ತೆ ಒಣಗಿದ ಮೈದಾನ ಸಣ್ಣ ಬ್ಲೇಡಲ್ಲಿ ಕೆರೆದು, ಮೆತ್ತನೆ ಬ್ರಷ್ಷಲ್ಲಿ ಗುಡಿಸ್ತಾರೆ. ಒಂದು ಕಾಗದಕ್ಕೆ ಒಂದು ದಿನ, ಕೆಲವಕ್ಕೆ ಎರಡು ದಿನ. ಹರಿದಿರೋ ಕಡೆ ಜಪಾನಿ ಟಿಶ್ಯೂ ಅಂತ ಗಾಳಿಗೆ ಹಾರೋ ಥರದ ಕಾಗದದ ಎಳೆ ಹಾಕಿ ಅಕ್ಷರ ಇಲ್ಲದ ಜಾಗದಲ್ಲಿ ಮಾತ್ರ ಸೇರಿಸ್ತಾರೆ. ಆಮೇಲೆ ಸೊಸೆ ಪ್ರತಿಯೊಂದನ್ನೂ 600 ಡಿಪಿಐನಲ್ಲಿ ಕಲರಲ್ಲೇ ಸ್ಕ್ಯಾನ್ ಮಾಡ್ತಾರೆ, ಕಪ್ಪು ಬಿಳುಪಲ್ಲಿ ಮಾಡಿದ್ರೆ ಕಲೆ ಯಾವುದು ಅಕ್ಷರ ಯಾವುದು ಗೊತ್ತಾಗಲ್ಲ ಅಂತ. ಲ್ಯಾಮಿನೇಷನ್ ಕೇಳಿದ್ರೆ ಬಾಗಿಲು ತೋರಿಸ್ತಾರೆ, ಒಂದ್ಸಲ ಶಾಖಕ್ಕೆ ಕರಗಿ ಅಂಟಿದ ಪ್ಲಾಸ್ಟಿಕ್ಕು ಮತ್ತೆ ಬಿಡಿಸೋಕಾಗಲ್ಲ. ಕೊನೇಲಿ ಆಸಿಡ್ ಇಲ್ಲದ ಬೋರ್ಡಲ್ಲಿ ಒಂದು ಪೆಟ್ಟಿಗೆ, ಒಳಗೆ ಪ್ರತಿ ಕಾಗದಕ್ಕೂ ಒಂದು ಪಾರದರ್ಶಕ ಕವರ್.

ಎರಡು ತಿಂಗಳು ಅಂದಿದ್ರು. ಮೂರನೇ ವಾರಕ್ಕೇ ಫೋನ್ ಬಂತು, ‘ಅಮ್ಮ ಒಂದ್ಸಲ ಬಂದು ಹೋಗಿ, ಫೋನಲ್ಲಿ ಹೇಳೋದಲ್ಲ’ ಅಂತ. ಎದೆ ಧಸಕ್ ಅಂತು, ಏನೋ ಹಾಳಾಯ್ತು ಅಂದ್ಕೊಂಡು ಓಡಿದೆ.

ಮೂರು ಕಾಗದ ಬಿಡಿಸಿ ಮೇಜಿನ ಮೇಲೆ ಇಟ್ಟಿದ್ರು, ಮುಖ ಮೇಲೆ ಮಾಡಿ, ಬೆನ್ನು ಕಾಣದ ಹಾಗೆ. ‘ಹಿಂದುಗಡೆ ಬರಹ ಇದೆ, ಬೇರೆ ಕೈಬರಹ, ಹೆಣ್ಣುಮಕ್ಕಳದ್ದು ಅನ್ಸತ್ತೆ. ನಾನು ಓದಿಲ್ಲ. ಮೈದಾ ಕೆರೆದ್ರೆ ಪೂರ್ತಿ ಕಾಣುತ್ತೆ, ಹಾಗೇ ಬಿಟ್ರೆ ಹಾಗೇ ಇರುತ್ತೆ. ತೆಗೀಲಾ ಬೇಡ್ವಾ ಅಂತ ಮನೇಲಿ ದೊಡ್ಡೋರನ್ನ ಕೇಳ್ಕೊಂಡು ಬನ್ನಿ’ ಅಂದ್ರು. ಈ ಒಂದು ಮಾತಿಗೇ ನಾನು ಈ ರಿವ್ಯೂ ಬರೀತಿರೋದು. ಎಷ್ಟೋ ಜನ ಇದನ್ನ ಕೇಳ್ತಾನೇ ಇರ್ಲಿಲ್ಲ, ಕೆರೆದು ಸ್ಕ್ಯಾನ್ ಮಾಡಿ ಪೆನ್ ಡ್ರೈವ್ ಕೊಟ್ಟು ಕಳಿಸ್ತಿದ್ರು.

ಮನೆಗೆ ಬಂದು ಅಪ್ಪನ ಕೇಳಿದೆ. ಅಪ್ಪ ಸುಮಾರು ಹೊತ್ತು ಮಾತಾಡ್ಲಿಲ್ಲ. ಆಮೇಲೆ ಹೇಳಿದ್ರು, ಅಂಟಿಸೋವಾಗ ಹಿಂದೆ ಪೆನ್ಸಿಲ್ ಗೀಚು ನೋಡಿದ್ರಂತೆ, ರಾಗಿ, ಸೀಮೆಎಣ್ಣೆ, ಸೌದೆ ಅಂತೆಲ್ಲ ಕಂಡಿದ್ದಕ್ಕೆ ಮನೆಲೆಕ್ಕ ಅಂದ್ಕೊಂಡ್ರಂತೆ. ‘ಅಮ್ಮನೇ ಪಕ್ಕದಲ್ಲಿ ಕೂತು ಒಂದೊಂದಾಗಿ ಎತ್ತಿ ಕೊಡ್ತಿದ್ಲು, ನಾನು ಅಂಟಿಸ್ತಿದ್ದೆ. ಹಿಂದೆ ಏನೋ ಇದೆಯಲ್ಲಮ್ಮ ಅಂದ್ರೆ, ಇರ್ಲಿ ಅಂಟಿಸು ಅಂದ್ಲು.’ ಅಜ್ಜಿ ಅದನ್ನ ಮುಚ್ಚಬೇಕು ಅಂತಲೇ ಹಾಗಂದ್ರಾ ಇಲ್ಲ ಅದು ಅವರಿಗೆ ಅಂಥಾ ದೊಡ್ಡ ವಿಷಯ ಅನ್ನಿಸಲೇ ಇಲ್ವಾ, ಇವತ್ತಿಗೂ ನನಗೆ ತಿಳೀತಿಲ್ಲ, ಓದಿದ್ದು ಸರೀನಾ ಅಂತ ಒಂದೊಂದು ರಾತ್ರಿ ಯೋಚನೆ ಬರುತ್ತೆ. ಅಪ್ಪ ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆ ಮಾಡಿ ಎದ್ದು ‘ತೆಗೆಸು’ ಅಂದ್ರು. ಅಷ್ಟೇ.

ಲೆಕ್ಕ ಅಲ್ಲ ಅದು. ಲೆಕ್ಕನೂ ಇದೆ, ಆದ್ರೆ ಹೆಚ್ಚಿನವು ಅಜ್ಜಿ ತಾತಂಗೆ ಬರೆದ ಉತ್ತರದ ಕರಡು. ಯುದ್ಧದ ಸಮಯದಲ್ಲಿ ಕಾಗದಕ್ಕೆ ಎಲ್ಲಿಲ್ಲದ ಬರ, ಒಳ್ಳೇ ಹಾಳೆ ಒಂದೇ ಇರ್ತಿತ್ತು, ಅದರ ಮೇಲೆ ತಪ್ಪಾಗಬಾರದು ಅಂತ ಮೊದಲು ತಾತನ ಕಾಗದದ ಖಾಲಿ ಬೆನ್ನಲ್ಲಿ ಸಾದಾ ಪೆನ್ಸಿಲಲ್ಲಿ ಬರೆದು, ತಿದ್ದಿ, ಆಮೇಲೆ ಶಾಯೀಲಿ ಇಳಿಸಿ ಕಳಿಸಿದಾರೆ. ಅಜ್ಜಿ ಕಳಿಸಿದ ಕಾಗದ ಒಂದೂ ಉಳಿದಿಲ್ಲ, ಎಲ್ಲ ಅಲ್ಲೇ ಯಾವುದೋ ಕ್ಯಾಂಪಿನ ಕೆಸರಲ್ಲೋ ಬೆಂಕೀಲೋ ಹೋಗಿವೆ. ಕರಡು ಮಾತ್ರ ಇಲ್ಲಿದೆ. ತಾತ ಕೇಳಿದ ಪ್ರಶ್ನೆಯ ಹಿಂದೇನೇ ಅಜ್ಜಿ ಉತ್ತರ. ಸಾದಾ ಸೀಸದ ಪೆನ್ಸಿಲ್ ಆದ್ರಿಂದ ಮೈದಾ ಅಂಟಿನ ಒದ್ದೆಗೂ ಅದು ಹರಡಿಲ್ಲ, ಸವೆದಿದೆ ಅಷ್ಟೇ. ಸವೆದ ಕಡೆ ಯಜಮಾನ್ರ ಸೊಸೆ ಲೈಟನ್ನ ಪಕ್ಕದಿಂದ ಓರೆಯಾಗಿ ಬಿಟ್ಟು ಫೋಟೋ ತೆಗೆದ್ರು, ಪೆನ್ಸಿಲ್ ಒತ್ತಿದ ಗುಳಿ ನೆರಳಾಗಿ ಕಾಣಿಸಿ ಅಕ್ಷರ ಎದ್ದು ಬಂತು. ಆ ಹುಡುಗಿಗೆ ಇನ್ನೊಂದು ಸ್ಟಾರ್ ಬೇಕಾದ್ರೂ ಕೊಡ್ತೀನಿ.

ಕಾಗದದೊಳಗೆ ಏನಿದೆ ಅಂತ ಎಲ್ಲ ಹೇಳಲ್ಲ, ಮನೆ ಮಾತು. ಸ್ವಲ್ಪ ಹೇಳ್ತೀನಿ.

ಸೆನ್ಸಾರ್ ಇತ್ತಲ್ಲ, ಊರ ಹೆಸರು, ಪಡೆ ಹೆಸರು, ಯಾರು ಸತ್ರು ಏನೂ ಬರೆಯೋ ಹಾಗಿರ್ಲಿಲ್ಲ. ವಿಳಾಸ ನೋಡಿ ಅಂದಾಜು ಮಾಡ್ಬೇಕು, ಮೊದಲು ಪೈಫೋರ್ಸ್ ಅಂತಿದೆ ಅಂದ್ರೆ ಇರಾಕ್ ಕಡೆ, ಆಮೇಲೆ ಸಿ.ಎಂ.ಎಫ್. ಅಂತಿದೆ ಅಂದ್ರೆ ಇಟಲಿ. ಹಾಗಾಗಿ ತಾತ ಬರೆದಿದ್ದೆಲ್ಲ ಊಟ, ಚಳಿ, ಕೈಕೆಲಸ, ಪ್ರಾರ್ಥನೆ. ಲಂಗರ್‌ನಲ್ಲಿ (ಪಡೆಯ ಅಡುಗೆಮನೇಲಿ) ಅನ್ನ ಸಾರು ಸಿಕ್ಕಿದ ದಿನ ಹಬ್ಬ. ಡಬ್ಬಿ ಹಾಲಿನ ಟೀ ಅಭ್ಯಾಸ ಆಯ್ತು, ಮುದ್ದೆ ಕನಸಲ್ಲಿ ಬಂತು, ಎರಡು ಕಂಬಳಿ ಹೊದ್ರೂ ಟೆಂಟೊಳಗೆ ಕಾಲು ಮರಗಟ್ಟುತ್ತೆ, ಹಿಮ ಬೀಳೋದನ್ನ ಮೊದಲನೇ ಸಲ ನೋಡಿದಾಗ ಯಾರೋ ಮೇಲಿಂದ ಹತ್ತಿ ಎಕ್ಕುತ್ತಿದ್ದಾರೆ ಅನ್ನಿಸ್ತು ಅಂತ ಬರೆದಿದಾರೆ. ಸಂಬಳದಲ್ಲಿ ಮನೆಗೆ ಅಂತ ಕಟ್ ಮಾಡಿಸಿದ ದುಡ್ಡು ಬಂತಾ, ಬಾಡಿಗೆ ಕೊಟ್ಯಾ, ನನ್ನ ಉಳಿ ಕೈಬಾಚಿಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಹಚ್ಚು ಅಂತ ಪ್ರತಿ ಕಾಗದದಲ್ಲೂ ಇದೆ.

ಕೆಲಸದ ಬಗ್ಗೆ ಬಾಯಲ್ಲಿ ಹೇಳಿದ್ದನ್ನ ಅಪ್ಪ ನೆನಪಿಟ್ಕೊಂಡಿದಾರೆ. ಬೇಯ್ಲಿ (Bailey) ಬ್ರಿಡ್ಜ್ ಅಂತ ಆಗ ಹೊಸದಾಗಿ ಬಂದಿದ್ದ ಜೋಡಿಸೋ ಸೇತುವೆ, ಅದರ ಒಂದೊಂದು ಕಬ್ಬಿಣದ ಚೌಕಟ್ಟು 10 ಅಡಿ ಉದ್ದ 5 ಅಡಿ ಎತ್ತರ, ಸುಮಾರು 260 ಕೆಜಿ, ಆರು ಜನ ಹೊರಬೇಕು, ರಾತ್ರಿ ಹೊತ್ತು ದೀಪ ಇಲ್ಲದೆ, ಎದುರು ದಡದಿಂದ ಶೆಲ್ ಬೀಳ್ತಿರೋವಾಗ. ಆಮೇಲೆ ಮೈನ್. ಜರ್ಮನ್ನರು ಮರದ ಪೆಟ್ಟಿಗೇಲಿ ಮೈನ್ ಮಾಡ್ತಿದ್ರು, ಲೋಹ ಹುಡುಕೋ ಮೆಷಿನ್‌ಗೆ ಸಿಗದೆ ಇರ್ಲಿ ಅಂತ. ಬಡಗಿ ಆದ ತಾತ ಅದೊಂದನ್ನ ಮಾತ್ರ ಜನ್ಮಪೂರ್ತಿ ಸಹಿಸ್ಲಿಲ್ಲ, ಅಷ್ಟು ನೀಟಾಗಿ ಜೋಡಣೆ ಮಾಡಿದ ಪೆಟ್ಟಿಗೆ ಒಳಗೆ ಅದನ್ನಿಡೋಕೆ ಮನಸ್ಸು ಹೇಗೆ ಬಂತು ಅಂತಿದ್ರಂತೆ.

ಬರೆಯೋಕಾಗದೇ ಇದ್ದಿದ್ದನ್ನ ತಾತ ಬೈಬಲ್ ಅಧ್ಯಾಯದ ನಂಬರ್ ಹಾಕಿ ಹೇಳಿದಾರೆ. ವಚನ ಪೂರ್ತಿ ಬರೆಯಲ್ಲ, ನಂಬರ್ ಮಾತ್ರ. ಅಜ್ಜಿ ಮನೇಲಿ ಬೈಬಲ್ ತೆಗೆದು ನೋಡ್ಕೋಬೇಕು. ಅಪ್ಪ ಹುಟ್ಟಿದ ಸುದ್ದಿ ತಲುಪಿದ ಮೇಲೆ ಬಂದ ಕಾಗದದಲ್ಲಿ ಮೇಲುಗಡೆ ದೊಡ್ಡದಾಗಿ ‘ಕೀರ್ತನೆ 127’. ಮನೆ ಕಟ್ಟೋರ ಮಾತೂ ಅದರಲ್ಲೇ ಇದೆ, ಮಕ್ಕಳು ದೇವರು ಕೊಟ್ಟ ಸ್ವತ್ತು ಅನ್ನೋದೂ ಅದರಲ್ಲೇ ಇದೆ, ಬಡಗಿ ತಂದೆ ಆದಾಗ ಇನ್ಯಾವ ಕೀರ್ತನೆ ಹಾಕ್ತಾನೆ ಹೇಳಿ. 1944ರ ಮಾರ್ಚ್‌ನ ಒಂದು ಕಾಗದದ ಕೊನೇಲಿ ‘ಯೋಹಾನ 15:13’ ಅಂತಿದೆ, ಸ್ನೇಹಿತರಿಗಾಗಿ ಪ್ರಾಣ ಕೊಡೋದಕ್ಕಿಂತ ದೊಡ್ಡ ಪ್ರೀತಿ ಇಲ್ಲ ಅನ್ನೋ ವಚನ. ಅದರ ಹಿಂದಿನ ತಿಂಗಳು, ಫೆಬ್ರವರಿ 24ಕ್ಕೆ, ಇಟಲಿಯ ಮಿಗ್ನಾನೋ ಹತ್ರ ಇದೇ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ ಜೊತೆಯೋರನ್ನ ಉಳಿಸೋಕೆ ಮೈನ್ ಮೇಲೆ ತಾವೇ ಬಿದ್ದು ತೀರಿಕೊಂಡಿದ್ರು, ಅವರಿಗೆ ಜಾರ್ಜ್ ಕ್ರಾಸ್ ಅನ್ನೋ ಶೌರ್ಯ ಪದಕ ಬಂತು. ತಾತ ಅವರನ್ನ ನೆನೆಸ್ಕೊಂಡೇ ಅದನ್ನ ಬರೆದಿದ್ದು ಅಂತ ಅಪ್ಪನ ಗಟ್ಟಿ ನಂಬಿಕೆ. ಸುಬ್ರಮಣಿಯನ್ ಕ್ರೈಸ್ತರಲ್ಲ, ಆದ್ರೂ ತಾತಂಗೆ ಹೊಳೆದಿದ್ದು ಆ ವಚನ.

ಒಂದು ಕಾಗದ ಇದೆ, 1944ರ ಡಿಸೆಂಬರ್‌ದು. ವಂದನೆ ಇಲ್ಲ, ಊಟದ ಸುದ್ದಿ ಇಲ್ಲ, ಉಳಿಗೆ ಎಣ್ಣೆ ಹಚ್ಚು ಅನ್ನೋದೂ ಇಲ್ಲ. ಹಾಳೆ ಮಧ್ಯ ‘ಕೀರ್ತನೆ 88’ ಅಂತ ಬರೆದು ಕೆಳಗೆ ಸೈನ್. ಗೊತ್ತಿಲ್ಲದೋರಿಗೆ ಹೇಳ್ತೀನಿ, 150 ಕೀರ್ತನೆಗಳಲ್ಲಿ ಅಷ್ಟು ಕತ್ತಲೆ ಇನ್ನೊಂದರಲ್ಲಿಲ್ಲ, ಬೇರೆ ಅಳುವಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೇಲಾದ್ರೂ ಸ್ವಲ್ಪ ಬೆಳಕಿಗೆ ತಿರುಗ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತೆ. ಆಲ್ಬಮಲ್ಲಿ ಈ ಹಾಳೆನ ನಾನು ಚಿಕ್ಕ ವಯಸ್ಸಿಂದ ನೂರು ಸಲ ನೋಡಿದೀನಿ, ಏನೋ ಅರ್ಜೆಂಟಲ್ಲಿ ಬರೆದಿದಾರೆ ಅಂತ ತಿರುಗಿಸಿಬಿಡ್ತಿದ್ದೆ.

ಅದರ ಬೆನ್ನಲ್ಲಿ ಅಜ್ಜಿ ಏಳು ಸಲ ಉತ್ತರ ಶುರು ಮಾಡಿ ಏಳು ಸಲವೂ ಹೊಡೆದು ಹಾಕಿದಾರೆ. ಒಂದರಲ್ಲಿ ಧೈರ್ಯವಾಗಿರಿ ಅಂತಿದೆ, ಕಾಟು. ಒಂದರಲ್ಲಿ ಏನಾಯಿತು ಯಾರಿಗೆ ಏನಾಯಿತು ಅಂತಿದೆ, ಕಾಟು. ಒಂದರಲ್ಲಿ ಮಗುವಿನ ತುಂಟತನ ಬರೆಯೋಕೆ ಹೋಗಿ ಅರ್ಧಕ್ಕೇ ಬಿಟ್ಟಿದಾರೆ. ಕೊನೇಗೆ ಕಾಟು ಇಲ್ಲದೆ ಉಳಿದಿರೋದು ಇಷ್ಟು: ‘88ನ್ನು ನಾನೂ ಓದಿದೆನು. ಮಗು ಮಲಗಿದ ಮೇಲೆ ಇನ್ನೊಮ್ಮೆ ಓದಿದೆನು. ನಿಮ್ಮ ಜೊತೆ ಅದರಲ್ಲೇ ಇದ್ದೇನೆ. ಆಗುವಾಗ 89 ತೆಗೆಯಿರಿ, ಈಗಲೇ ಬೇಡ.’ 89 ಶುರುವಾಗೋದು ದೇವರ ಕೃಪೆಯನ್ನ ಸದಾ ಹಾಡ್ತೀನಿ ಅಂತ. ಮಿಷನ್ ಸ್ಕೂಲಲ್ಲಿ ಐದನೇ ಕ್ಲಾಸ್ ಓದಿದ ಹೆಂಗಸು. ನಾನು ಅಂಗಡೀಲೇ ಅದನ್ನ ಓದಿದ್ದು, ಯಜಮಾನ್ರು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತ್ಕೊಂಡ್ರು, ನಾನು ಕಣ್ಣೊರೆಸಿಕೊಳ್ಳೋವರೆಗೂ ಒಳಗೆ ಬರ್ಲಿಲ್ಲ.

ಮುಂದಿನ ಕಾಗದ ಫೆಬ್ರವರಿದು, ಅದರ ಮೂಲೇಲಿ ತಾತ ಸಣ್ಣದಾಗಿ ‘89’ ಅಂತ ಹಾಕಿದಾರೆ. ಈ ಮೂಲೆ ನಂಬರ್ ನಮ್ಮ ಮನೇಲಿ ಇಷ್ಟು ವರ್ಷ ಕಾಗದದ ಕ್ರಮಸಂಖ್ಯೆ ಅಂತಲೇ ತಿಳ್ಕೊಂಡಿದ್ವಿ, 47 ಕಾಗದಕ್ಕೆ 89 ಯಾಕೆ ಬಂತು ಅಂತ ಯಾರೂ ಕೇಳ್ಲಿಲ್ಲ.

ಇನ್ನೊಂದು ವಿಷಯ. ಅಜ್ಜಿ ಒಂದು ಕರಡಲ್ಲಿ ಬರೀತಾರೆ, ಜಾಲಹಳ್ಳಿ ಕಡೆ ಇಟಲಿಯ ಕೈದಿಗಳನ್ನ ಇಟ್ಟಿದಾರೆ, ಲಾರೀಲಿ ಹೋಗೋದನ್ನ ನೋಡಿದೆ, ಹುಡುಗರು, ನೀವಿರೋ ಊರಲ್ಲಿ ಅವರ ತಾಯಂದಿರು ಇರಬಹುದು, ಕಂಡರೆ ಇಲ್ಲಿ ಮಕ್ಕಳು ಚೆನ್ನಾಗಿದ್ದಾರೆ ಅಂತ ಹೇಳಿ ಅಂತ. ಅದೊಂದು ವಿಚಿತ್ರ ನೋಡಿ, ಬೆಂಗಳೂರಿನ ಬಡಗಿ ಇಟಲೀಲಿ, ಇಟಲಿಯ ಹುಡುಗರು ಬೆಂಗಳೂರಲ್ಲಿ. ತಾತ ಉತ್ತರ ಬರೆದಿದಾರೆ, ಇಲ್ಲಿ ಗುಡಿಯಂಥ ಚರ್ಚಿನಲ್ಲಿ ಒಬ್ಬ ಮುದುಕಿ ದಿನಾ ಮೇಣದ ಬತ್ತಿ ಹಚ್ಚುತ್ತಾಳೆ, ಭಾಷೆ ಬರದು, ನಾನೂ ಪಕ್ಕದಲ್ಲಿ ಮೊಣಕಾಲೂರಿದೆ, ವಿಗ್ರಹಗಳಿದ್ದವು, ನಮ್ಮ ಸಭೆಯ ಹಿರಿಯರಿಗೆ ಹೇಳಬೇಡ. ನಮ್ಮದು ಪ್ರಾಟೆಸ್ಟೆಂಟ್ ಮನೆ, ಆಗ ಲಂಡನ್ ಮಿಷನ್ ಸಭೆ, ವಿಗ್ರಹ ಅಂದ್ರೆ ದೂರ. ಆ ಸಭೆ ಯಾವುದು ಅಂದ್ರೆ ಇದೇ ಅವೆನ್ಯೂ ರೋಡಿನ ರೈಸ್ ಮೆಮೋರಿಯಲ್ ಚರ್ಚ್. ಬೆಂಜಮಿನ್ ಹೋಲ್ಟ್ ರೈಸ್ ಅವರ ಹೆಸರಿಂದು, ಶಾಸನಗಳ ಕೆಲಸ ಮಾಡಿದ ಬಿ.ಎಲ್. ರೈಸ್ ಅವರ ತಂದೆ. ಅಂಗಡಿಯಿಂದ ನಡೆದು ಹೋಗೋ ದೂರ. ಅಜ್ಜಿ ಅಪ್ಪನ ಸೊಂಟದ ಮೇಲೆ ಕೂರಿಸ್ಕೊಂಡು ಭಾನುವಾರ ನಡೆದು ಬರ್ತಿದ್ದ ರಸ್ತೇಲೇ ಅವರ ಕಾಗದ ಈಗ ರಿಪೇರಿ ಆಯ್ತು ಅಂತ ಅಪ್ಪ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದಾರೆ.

ಮನೆ ಪ್ರಾರ್ಥನೆ ವಿಷಯ ಹೇಳ್ಲೇಬೇಕು. ರಾತ್ರಿ 8ಕ್ಕೆ ನಮ್ಮನೇಲಿ ಪ್ರಾರ್ಥನೆ, ಯಾರು ಬಂದಿದ್ರೂ ಅಷ್ಟೇ, ಅದು ಯಾಕೆ 8ಕ್ಕೇ ಅಂತ ನಾನು ಕೇಳಿದೋಳೇ ಅಲ್ಲ. 1944ರ ಜೂನ್ ಕಾಗದದಲ್ಲಿ ಇದೆ, ನೀವು ರಾತ್ರಿ 8ಕ್ಕೆ ಕೂತಾಗ ನಮಗೆ ಮಧ್ಯಾಹ್ನ 3:30, ಕೆಲಸದಲ್ಲಿದ್ದರೆ ಸುತ್ತಿಗೆ ಕೆಳಗಿಟ್ಟು ಟೋಪಿ ತೆಗೆದು ನಿಮ್ಮ ಜೊತೆ ಸೇರುತ್ತೇನೆ ಅಂತ. ಅಪ್ಪ ಅದಕ್ಕೆ ಗೊಂದಲ ಮಾಡ್ಕೊಂಡ್ರು, ಇಟಲಿಗೂ ನಮಗೂ ಬೇಸಿಗೇಲಿ ಮೂರೂವರೆ ಗಂಟೆ ವ್ಯತ್ಯಾಸ, ಅಂದ್ರೆ ಅಲ್ಲಿ 4:30 ಆಗ್ಬೇಕು, ಪಾಪ ಇಷ್ಟು ವರ್ಷ ಒಂದು ಗಂಟೆ ತಪ್ಪಾಗಿ ಪ್ರಾರ್ಥನೆ ಮಾಡ್ತಿದ್ರಾ ಅಂತ ತುಂಬಾ ನೊಂದ್ಕೊಂಡ್ರು, ಎರಡು ದಿನ ಅದೇ ಮಾತು. ನನ್ನ ಮಗ ಹುಡುಕಿ ಹೇಳಿದ, ಯುದ್ಧದ ಸಮಯದಲ್ಲಿ 1942ರ ಸೆಪ್ಟೆಂಬರಿಂದ 1945ರ ಅಕ್ಟೋಬರ್‌ವರೆಗೆ ಇಂಡಿಯಾದ ಗಡಿಯಾರನೇ ಒಂದು ಗಂಟೆ ಮುಂದೆ ಇಟ್ಟಿದ್ರು ಅಂತ. ಲೆಕ್ಕ ಸರಿಹೋಯ್ತು, ತಾತ ಸರಿಯಾದ ಗಂಟೆಗೇ ಸುತ್ತಿಗೆ ಕೆಳಗಿಡ್ತಿದ್ರು. ಅಪ್ಪ ಚಪ್ಪಾಳೆ ತಟ್ಟಿದ್ರು, ಆ ವಯಸ್ಸಲ್ಲಿ.

ತಾತ ವಾಪಸ್ ಬಂದಿದ್ದು 1946ರ ಶುರುವಲ್ಲಿ, ಅಪ್ಪಂಗೆ ಆಗ ಹತ್ತಿರ ಮೂರು ವರ್ಷ, ಯಾರೋ ಗೊತ್ತಿಲ್ಲದ ಗಂಡಸು ಅಂತ ಅಜ್ಜಿ ಸೆರಗಿನ ಹಿಂದೆ ಬಚ್ಚಿಟ್ಕೊಂಡು ಒಂದು ವಾರ ಹತ್ರ ಹೋಗ್ಲಿಲ್ಲವಂತೆ. ತಾತ ಕರೀಲಿಲ್ಲ, ಬಲವಂತ ಮಾಡ್ಲಿಲ್ಲ, ಹಿತ್ತಿಲಲ್ಲಿ ಕೂತು ಒಂದು ಮರದ ಗಾಡಿ ಮಾಡೋಕೆ ಶುರು ಮಾಡಿದ್ರು, ಅಪ್ಪನೇ ನೋಡೋಕೆ ಬಂದು ಪಕ್ಕದಲ್ಲಿ ಕೂತ್ರು.

ಸರಿ, ಈಗ ಅಂಗಡಿಗೆ ವಾಪಸ್. ಅರ್ಧ ಸ್ಟಾರ್ ಕಟ್ ಮಾಡಿದ್ದು ಇದಕ್ಕೆ: ಎರಡು ತಿಂಗಳು ಅಂದಿದ್ದು ಐದು ತಿಂಗಳಾಯ್ತು. ಕೆಲಸ ಅಂಥದ್ದು, ಒಪ್ಕೋತೀನಿ, ಆದ್ರೆ ಮಧ್ಯೆ ಮೂರು ವಾರ ಫೋನ್ ಎತ್ತಲೇ ಇಲ್ಲ, 80 ದಾಟಿದೋರು ಮನೇಲಿ ದಿನಾ ಕಾಯ್ತಿರೋವಾಗ ಒಂದು ಮೆಸೇಜ್ ಹಾಕ್ಬಹುದಿತ್ತು. ಸ್ಕ್ಯಾನ್ ಫೈಲ್‌ಗಳಿಗೆ ಬರೀ ನಂಬರ್ ಕೊಟ್ಟಿದ್ರು, ಯಾವ ಬೆನ್ನು ಯಾವ ಮುಖದ್ದು ಅಂತ ಹುಡುಕೋಕೆ ಒಂದು ಸಂಜೆ ಹೋಯ್ತು, ಹೇಳಿದ ಮೇಲೆ ಸೊಸೆ ಬೇಜಾರಿಲ್ಲದೆ ತಾರೀಖು ಪ್ರಕಾರ ಮತ್ತೆ ಹೆಸರು ಹಾಕಿ ಕೊಟ್ರು. ಅಂಗಡಿ ಮೊದಲನೇ ಮಹಡೀಲಿ, ಮೆಟ್ಟಿಲು ಕಡಿದು, ಅಪ್ಪನ ಕರ್ಕೊಂಡು ಹೋಗೋಕೆ ಆಗ್ಲಿಲ್ಲ. ಕೊನೇ ದಿನ ಯಜಮಾನ್ರೇ ಪೆಟ್ಟಿಗೆ ಹಿಡ್ಕೊಂಡು ಕೆಳಗೆ ಇಳಿದು ಆಟೋದಲ್ಲಿ ಕೂತಿದ್ದ ಅಪ್ಪನ ಕೈಗೆ ಕೊಟ್ರು, ಹಿಂದೆ ನಿಂತಿದ್ದ ಗಾಡಿಗಳೆಲ್ಲ ಹಾರ್ನ್ ಹೊಡೀತಿದ್ವು, ಇಬ್ರೂ ಅವಸರ ಮಾಡ್ಲಿಲ್ಲ.

ಖರ್ಚು: 47 ಕಾಗದ ಬಿಡಿಸೋದು, ರಿಪೇರಿ, ಎರಡೂ ಮಗ್ಗುಲು ಸ್ಕ್ಯಾನ್, ಕವರು, ಪೆಟ್ಟಿಗೆ ಎಲ್ಲ ಸೇರಿ 18,500 ರೂಪಾಯಿ ಆಯ್ತು. ಅರ್ಧ ಅಡ್ವಾನ್ಸ್ ಕೇಳ್ತಾರೆ. ಐದು ತಿಂಗಳ ಕೈಕೆಲಸಕ್ಕೆ ಇದು ಜಾಸ್ತಿ ಅಂತ ನನಗೆ ಒಂದು ಕ್ಷಣನೂ ಅನ್ನಿಸ್ಲಿಲ್ಲ. ಸ್ಟುಡಿಯೋದಲ್ಲಿ ಹಾಳಾದ ಎರಡು ಕಾಗದಾನೂ ತೋರಿಸಿದ್ದೆ, ಮುಖದ ಕಡೆ ಏನೂ ಮಾಡೋಕಾಗಲ್ಲ ಅಂತ ನೇರವಾಗಿ ಹೇಳಿದ್ರು, ಅದಕ್ಕೆ ದುಡ್ಡು ತಗೊಳ್ಳಿಲ್ಲ, ಆದ್ರೆ ಒಂದರ ಬೆನ್ನಲ್ಲಿ ಅಜ್ಜಿಯ ನಾಲ್ಕು ಸಾಲು ಉಳಿದಿತ್ತು, ಅದನ್ನ ಸ್ಕ್ಯಾನ್ ಮಾಡಿ ಕೊಟ್ರು.

ಹೋಗೋರಿಗೆ: ಗಾಡಿ ತಗೊಂಡು ಹೋಗ್ಬೇಡಿ, ಪಾರ್ಕಿಂಗ್ ಮಾತೇ ಇಲ್ಲ, ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೀರಿ. ಭಾನುವಾರ ರಜಾ. ಕಾಗದನ ಮಡಚಬೇಡಿ, ಎರಡು ರಟ್ಟಿನ ಮಧ್ಯೆ ಇಟ್ಟು ಮಳೆ ಇಲ್ಲದ ದಿನ ತಗೊಂಡು ಹೋಗಿ. ಸೆಲೋಟೇಪ್ ಅಂಟಿದ್ರೆ ನೀವೇ ಕೀಳೋಕೆ ಹೋಗ್ಬೇಡಿ. ಅಕ್ಷರ ಬೂದು ಬಣ್ಣದ್ದು ಇದ್ರೆ ನಾಲಿಗೆ ತಾಗಿಸಿದ ಬೆರಳಲ್ಲೂ ಮುಟ್ಟಬೇಡಿ. ಮತ್ತೆ ಆಲ್ಬಂಗೆ ಅಂಟಿಸಿರೋದಾಗಿದ್ರೆ ಹಿಂದೆ ಏನಾದ್ರೂ ಇದೆಯಾ ಅಂತ ಮನೇಲಿ ಹಿರಿಯರು ಇರೋವಾಗ್ಲೇ ಕೇಳ್ಕೊಳ್ಳಿ.

ಮುಂದಿನ ತಿಂಗಳು ಅಜ್ಜಿಯ ಬೈಬಲ್ ಕೊಡೋಣ ಅಂತಿದೀನಿ, ಬೆನ್ನು ಪೂರ್ತಿ ಬಿಟ್ಟಿದೆ, ಕೀರ್ತನೆಗಳ ಭಾಗದ ಹಾಳೆಗಳು ಒಂದೊಂದೇ ಉದುರ್ತಿವೆ. ಅಂಚಲ್ಲಿ ಪೆನ್ಸಿಲ್ ಗುರುತಿದೆ, ಅವನ್ನ ಅಳಿಸದ ಹಾಗೆ ಹೊಲಿಯೋಕೆ ಆಗುತ್ತಾ ಅಂತ ಕೇಳಿದೆ, ತಂದು ತೋರಿಸಿ ಅಂದಿದಾರೆ. ಆದ್ಮೇಲೆ ಇಲ್ಲೇ ಬರೀತೀನಿ.